ಬಸುರಿಯ ಹೊಟ್ಟೆನೋವು ಮತ್ತು ಸ್ಕ್ಯಾನಿಂಗ್‌ನಲ್ಲಿ ಕಾಣದ ಅಪೆಂಡಿಕ್ಸ್

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಆಶಾ ಕಾರ್ಯಕರ್ತೆಯರು, ನರ್ಸ್‌ಗಳೇ ಹೆಚ್ಚು. ಊರಿನ ಬಸುರಿಯರು ಮೊದಲು ಬಾಯಿ ಬಿಡುವುದು ನಿಮ್ಮ ಹತ್ತಿರವೇ, ಆದ್ದರಿಂದ ಈ ವಿಷಯ ಆರಿಸಿಕೊಂಡೆ.

ಹೆರಿಗೆಗೆ ಸಂಬಂಧಿಸದ ಕಾರಣಕ್ಕೆ ಬಸುರಿಯರಿಗೆ ತುರ್ತಾಗಿ ಮಾಡುವ ಆಪರೇಷನ್‌ಗಳಲ್ಲಿ ಅಪೆಂಡಿಸೈಟಿಸ್‌ನದೇ, ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಸಣ್ಣ ನಳಿಕೆ ಊದಿಕೊಳ್ಳುವ ರೋಗದ್ದೇ, ಮೊದಲ ಸ್ಥಾನ. ಆದರೆ ಅದನ್ನು ಗುರುತಿಸುವುದು ಕಷ್ಟ. ವಾಂತಿ, ಊಟ ಸೇರದಿರುವುದು ಬಸಿರಿನಲ್ಲಿ ಇದ್ದದ್ದೇ. ರಕ್ತದಲ್ಲಿ ಬಿಳಿಕಣ ಹೆಚ್ಚಿದ್ದರೆ ಸೋಂಕು ಅನ್ನೋಣವೆಂದರೆ, ಬಸುರಿಯರಲ್ಲಿ ಅದು ಸೋಂಕಿಲ್ಲದೆಯೂ 15,000ದ ಹತ್ತಿರ ಹೋಗುತ್ತದೆ. ಮನೆಯವರು ಗ್ಯಾಸ್ ಅನ್ನುತ್ತಾರೆ. ಅಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಬ್ಯಾಬ್ಲರ್ ಎಂಬ ಅಮೆರಿಕದ ವೈದ್ಯರು 1908ರಲ್ಲೇ ಬರೆದಿದ್ದರು: ಬಸಿರಿನ ಅಪೆಂಡಿಸೈಟಿಸ್‌ನಲ್ಲಿ ಕೊಲ್ಲುವುದು ಚಿಕಿತ್ಸೆಗೆ ಆಗುವ ತಡವೇ. ಇಂದಿಗೂ ಲೆಕ್ಕ ಹಾಗೇ ಇದೆ. ಅಪೆಂಡಿಕ್ಸ್ ಒಡೆಯುವ ಮೊದಲೇ ಆಪರೇಷನ್ ಆದರೆ ಮಗು ಕಳೆದುಕೊಳ್ಳುವವರು ಕೆಲವೇ ಮಂದಿ. ಒಡೆದ ಮೇಲೆ ಅದು ಶೇಕಡಾ 20 ದಾಟಿದ ವರದಿಗಳಿವೆ. ಹಾಗೆಂದು ಅನುಮಾನ ಬಂದ ಕೂಡಲೇ ಹೊಟ್ಟೆ ಕೊಯ್ಯುವಂತೆಯೂ ಇಲ್ಲ. ಆರೋಗ್ಯವಾಗಿರುವ ಅಪೆಂಡಿಕ್ಸ್ ತೆಗೆದರೂ ಗರ್ಭಕ್ಕೆ ಅಪಾಯ ತಪ್ಪಿದ್ದಲ್ಲ. ಅದಕ್ಕೇ ಚಿತ್ರ ಬೇಕು.

ಮೊದಲು ಅಲ್ಟ್ರಾಸೌಂಡ್. ನೋವಿರುವ ಜಾಗದಲ್ಲಿ ಪ್ರೋಬ್ (ಸ್ಕ್ಯಾನಿಂಗ್ ಮೆಷಿನ್ನಿನ ಕೈಹಿಡಿಕೆ) ಇಟ್ಟು ಮೆಲ್ಲಗೆ ಒತ್ತುತ್ತಾ ಹೋಗುತ್ತೇವೆ. ಒತ್ತಿದರೂ ಚಪ್ಪಟೆಯಾಗದ, ಒಂದು ತುದಿ ಮುಚ್ಚಿದ, 6 ಮಿಲಿಮೀಟರ್‌ಗಿಂತ ದಪ್ಪದ ನಳಿಕೆ ಸಿಕ್ಕಿತೆಂದರೆ ರೋಗ ಬಹುಮಟ್ಟಿಗೆ ಖಚಿತ. ಆದರೆ ತಿಂಗಳು ತುಂಬುತ್ತಾ ಬಂದ ಹಾಗೆ ಗರ್ಭಕೋಶ ಅಡ್ಡ ನಿಲ್ಲುತ್ತದೆ, ಅಪೆಂಡಿಕ್ಸ್ ಮೇಲಕ್ಕೆ ಸರಿಯಬಹುದು, ಒತ್ತಲು ಜಾಗವೇ ಇರುವುದಿಲ್ಲ. ಎಡಮಗ್ಗುಲಿಗೆ ಮಲಗಿಸಿ ನೋಡುತ್ತೇವೆ. ಆಗಲೂ ಎಷ್ಟೋ ಸಲ ಅದು ಸಿಗುವುದೇ ಇಲ್ಲ.

ಎಡವಟ್ಟಾಗುವುದು ಇಲ್ಲೇ. ರಿಪೋರ್ಟಿನಲ್ಲಿ ‘ಅಪೆಂಡಿಕ್ಸ್ ಕಾಣಲಿಲ್ಲ, ಮಗುವಿನ ಹೃದಯ ಬಡಿತ ಚೆನ್ನಾಗಿದೆ’ ಎಂದಿರುತ್ತದೆ. ಮನೆಯವರು ‘ಸ್ಕ್ಯಾನಿಂಗ್ ನಾರ್ಮಲ್ ಬಂತು’ ಅಂದುಕೊಂಡು ಊರಿಗೆ ಹೊರಡುತ್ತಾರೆ. ಕಾಣಲಿಲ್ಲ ಅಂದರೆ ಪ್ರಶ್ನೆ ಇನ್ನೂ ಬಾಕಿಯಿದೆ ಅಂತ, ಅಷ್ಟೇ. ನೋವು ಮುಂದುವರಿದಿದ್ದರೆ ಆಕೆಯನ್ನು ಬಸ್ ಹತ್ತಲು ಬಿಡಬೇಡಿ.

ಮುಂದಿನ ಹೆಜ್ಜೆ, ಸೌಲಭ್ಯ ಇದ್ದ ಕಡೆ, ಎಂಆರ್‌ಐ. ಅದರಲ್ಲಿ ಎಕ್ಸ್‌ರೇ ಇಲ್ಲ. ಕಾಂತ ಮತ್ತು ರೇಡಿಯೋ ಅಲೆಗಳಷ್ಟೇ. ಅಪೆಂಡಿಕ್ಸ್ ನೋಡಲು ಇಂಜೆಕ್ಷನ್ ಬೇಕಾಗಿಲ್ಲ. ಕೆಲವು ಎಂಆರ್‌ಐಗಳಲ್ಲಿ ಚಿತ್ರ ಸ್ಪಷ್ಟವಾಗಲೆಂದು ಇಂಜೆಕ್ಷನ್‌ನಲ್ಲಿ ಕೊಡುವ ಗ್ಯಾಡೊಲಿನಿಯಮ್ ಮಾಸು ದಾಟಿ ಮಗುವಿಗೆ ತಲುಪುತ್ತದೆ, ಹಾಗಾಗಿ ಅದನ್ನು ಬಸುರಿಯರಿಗೆ ಕೊಡದೆ ಉಳಿಸುತ್ತೇವೆ. ಅಪೆಂಡಿಸೈಟಿಸ್ ಇದ್ದರೆ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಸಲ ಎಂಆರ್‌ಐ ಹಿಡಿಯುತ್ತದೆ. ತೊಂದರೆ ಅಂದರೆ ಖರ್ಚು, ದೂರ, ಮತ್ತೆ ರಾತ್ರಿ ಹೊತ್ತು ಮೆಷಿನ್ ನಡೆಸುವವರು ಇಲ್ಲದಿರುವುದು.

ಎಕ್ಸ್‌ರೇ ಬಳಸುವ ಸಿಟಿ ಸ್ಕ್ಯಾನ್ ಬಗ್ಗೆ ಜನರಿಗೆ ತುಂಬಾ ಹೆದರಿಕೆ. ಹೊಟ್ಟೆಯ ಸಿಟಿಯಲ್ಲಿ ಮಗುವಿಗೆ ತಾಗುವ ವಿಕಿರಣ ಸಾಮಾನ್ಯವಾಗಿ 35 ಮಿಲಿಗ್ರೇ (ವಿಕಿರಣ ಅಳೆಯುವ ಮಾನ) ಮೀರುವುದಿಲ್ಲ; ಅಂಗವಿಕಲತೆ, ಗರ್ಭಪಾತದ ಭಯ ಪಡಬೇಕಾದದ್ದು 50 ದಾಟಿದ ಮೇಲೆ. ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಅತಿ ಸ್ವಲ್ಪ ಏರುತ್ತದೆ, ಅದಕ್ಕೇ ಸಿಟಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಆದರೆ ಎಂಆರ್‌ಐ ಸಿಗದೆ ಅಪೆಂಡಿಕ್ಸ್ ಒಡೆಯುವ ಹಂತದಲ್ಲಿದ್ದರೆ ಸಿಟಿ ಮಾಡಿಸುವುದೇ ಸರಿ. ಬಸಿರು ಗೊತ್ತಾಗುವ ಮೊದಲು ಒಂದು ಸಿಟಿ ಆಗಿಹೋಯಿತು ಅಂತ ಗರ್ಭ ತೆಗೆಸಲು ಓಡುವವರಿದ್ದಾರೆ. ದಯವಿಟ್ಟು ತಡೆದು ವೈದ್ಯರ ಹತ್ತಿರ ಕಳಿಸಿ.

ಇನ್ನೊಂದು ಮಾತು. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಬಸುರಿಗೆ ಯಾವ ಕಾರಣಕ್ಕೆ ಅಲ್ಟ್ರಾಸೌಂಡ್ ಮಾಡಿದರೂ ಸ್ಕ್ಯಾನಿಂಗ್‌ನ ವಿವರ ದಾಖಲಿಸುವ ಫಾರಂ ಎಫ್ ತುಂಬಬೇಕು, ಅಪೆಂಡಿಕ್ಸ್‌ಗೂ ಸಹ. ಅದು ಕೆಲವೇ ನಿಮಿಷದ ಕೆಲಸ. ನೀವು ಕಳಿಸುವ ಚೀಟಿಯಲ್ಲಿ ಎಷ್ಟು ವಾರದ ಬಸಿರು, ನೋವು ಯಾವಾಗ ಶುರುವಾಯಿತು, ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಗೆ ಇಳಿಯಿತೇ, ಜ್ವರ ಇದೆಯೇ, ಇಷ್ಟು ಬರೆಯಿರಿ. ಪ್ರೋಬ್ ಎಲ್ಲಿ ಇಡಬೇಕೆಂದು ನನಗೆ ಗೊತ್ತಾಗುವುದು ಆ ಚೀಟಿಯಿಂದ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.