ಮಾಡೆಲ್ ಟಿ ಎಂಜಿನ್‌ಗೆ ಹೊಸ ಟೈಮರ್ ಕೂರಿಸೋಣ ಬನ್ನಿ

ನಮಸ್ಕಾರ ಎಲ್ಲರಿಗೂ. ಮಿಶಿಗನ್‌ನಲ್ಲಿ ಇವತ್ತು ಒಳ್ಳೆ ಬಿಸಿಲು. ಈಗ ನೀವು ನೋಡುತ್ತಿರುವುದು 1924ರ ಫೋರ್ಡ್ ಮಾಡೆಲ್ ಟಿ. ಕಾರು ಪಕ್ಕದ ಮನೆ ಅಜ್ಜನದು. ಅವರ ಬೆರಳುಗಳಿಗೆ ಸಣ್ಣ ನಟ್ಟು ಹಿಡಿಯುವುದು ಈಗ ಕಷ್ಟ. ಹಾಗಾಗಿ ಸ್ಪ್ಯಾನರ್ ನನ್ನ ಕೈಯಲ್ಲಿ, ಪಾಠ ಅವರ ಬಾಯಲ್ಲಿ.

1908ರಿಂದ 1927ರವರೆಗೆ ಇಂಥ ಕಾರುಗಳು ಒಂದೂವರೆ ಕೋಟಿ ತಯಾರಾದವು. ಅದಕ್ಕೇ ಇವತ್ತಿಗೂ ಇದರ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುತ್ತಾರೆ. ನಮ್ಮ ಟೈಮರ್ ಕೂಡ ಹೊಸದೇ.

ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್, ಅಂದರೆ ಒಂದೇ ಕಾಯಿಲ್‌ನ ಕರೆಂಟನ್ನು ಎಲ್ಲ ಸಿಲಿಂಡರ್‌ಗೆ ಹಂಚುವ ಭಾಗ, ಇಲ್ಲ. ನಾಲ್ಕು ಸಿಲಿಂಡರ್‌ಗೆ ನಾಲ್ಕು ಕಾಯಿಲ್, ಅಂದರೆ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ತಂತಿ ಸುರುಳಿಗಳು, ಒಂದು ಪೆಟ್ಟಿಗೆಯೊಳಗೆ. ಯಾವ ಕಾಯಿಲ್ ಯಾವಾಗ ಕಿಡಿ ಕೊಡಬೇಕು ಅಂತ ಹೇಳುವುದು ಈ ಟೈಮರ್. ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್‌ಶಾಫ್ಟ್. ಅದರ ಮುಂದಿನ ತುದಿಗೆ ಒಂದು ರೋಲರ್ ಇರುತ್ತದೆ. ಅದು ಟೈಮರ್ ಡಬ್ಬಿಯ ಒಳಗೋಡೆಗೆ ಒತ್ತಿಕೊಂಡು ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಗೋಡೆಯಲ್ಲಿ ನಾಲ್ಕು ಕಡೆ ತಾಮ್ರದ ಬಣ್ಣ ಕಾಣುತ್ತಿದೆಯಲ್ವಾ? ಅವು ಸಂಪರ್ಕ ಬಿಂದುಗಳು. ರೋಲರ್ ಒಂದನ್ನು ಮುಟ್ಟಿದರೆ ಆ ಸಿಲಿಂಡರ್‌ನ ಕಾಯಿಲ್ ಝುಯ್ ಅನ್ನುತ್ತದೆ, ಪ್ಲಗ್‌ನಲ್ಲಿ ಸಾಲಾಗಿ ಕಿಡಿ ಹಾರುತ್ತದೆ.

ಹಳೆಯದನ್ನು ಬೆಳಕಿಗೆ ಹಿಡಿಯುತ್ತೇನೆ, ನೋಡಿ. ಒಳಗೋಡೆ ಸವೆದು ಅಲೆ ಅಲೆಯಾಗಿದೆ. ಎಂಜಿನ್ ಜೋರಾದಾಗ ರೋಲರ್ ಇದರ ಮೇಲೆ ಕುಪ್ಪಳಿಸುತ್ತದೆ, ಕಿಡಿ ತಪ್ಪುತ್ತದೆ.

ಡಬ್ಬಿ ಕೂರಿಸುವ ಮೊದಲು ಒಂದು ಕೆಲಸ ಇದೆ. ದಯವಿಟ್ಟು ಇದನ್ನು ಬಿಡಬೇಡಿ. ಟೈಮರ್ ಕೂರುವುದು ಎಂಜಿನ್ನಿನ ಮುಂದಿನ ಮುಚ್ಚಳದ ಮೇಲೆ. ಆ ಮುಚ್ಚಳದ ರಂಧ್ರಕ್ಕೆ ಕ್ಯಾಮ್‌ಶಾಫ್ಟ್ ಸರಿಯಾಗಿ ನಡುವೆ ಇರಬೇಕು. ಸ್ವಲ್ಪ ಪಕ್ಕಕ್ಕೆ ಸರಿದರೂ ಒಂದು ಸಿಲಿಂಡರ್‌ಗೆ ಕಿಡಿ ಬೇಗ, ಇನ್ನೊಂದಕ್ಕೆ ತಡ. ಆಮೇಲೆ ಎಷ್ಟು ಹೊಂದಿಸಿದರೂ ನಾಲ್ಕೂ ಒಂದೇ ಹದಕ್ಕೆ ಬರುವುದಿಲ್ಲ. ಅದಕ್ಕಾಗಿ ಈ ಬಟ್ಟಲಿನಂಥ ಗೇಜ್. ಇದನ್ನು ಶಾಫ್ಟ್‌ಗೆ ತೂರಿಸಿ, ಮುಚ್ಚಳದ ಬೋಲ್ಟ್‌ಗಳನ್ನು ಸಡಿಲಿಸಿ, ನಡುವೆ ತಂದು, ಮತ್ತೆ ಬಿಗಿ ಮಾಡಿದೆ. ಜೊತೆಗೆ ಎಣ್ಣೆ ಸೋರದಂತೆ ಹೊಸ ಸೀಲ್.

ಈಗ ರೋಲರ್. ಇದು ಶಾಫ್ಟ್ ಮೇಲೆ ತಲೆಕೆಳಗಾಗಿಯೂ ಕೂರಬಹುದು, ಹುಷಾರು. ಎಂಜಿನ್ ಪಕ್ಕದ ವಾಲ್ವ್ ಮುಚ್ಚಳ ಬಿಚ್ಚಿ ಒಂದನೇ ಸಿಲಿಂಡರ್ ನೋಡಿ. ರೋಲರ್ ಮೇಲ್ಮುಖವಾಗಿದ್ದಾಗ ಅಲ್ಲಿನ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚಿರಬೇಕು. ಸರಿ ಇದೆ. ಪಿನ್ ಹಾಕಿ, ನಟ್ ಬಿಗಿ ಮಾಡಿ, ಡಬ್ಬಿ ಮುಚ್ಚಿದೆ. ವೈರ್‌ಗಳು: ಕಪ್ಪು ಒಂದಕ್ಕೆ, ಕೆಂಪು ಎರಡಕ್ಕೆ, ನೀಲಿ ಮೂರಕ್ಕೆ, ಹಸಿರು ನಾಲ್ಕಕ್ಕೆ. ಆದರೆ ಕಿಡಿ ಹಾರುವ ಸರದಿ ಬೇರೆ: ಒಂದು, ಎರಡು, ನಾಲ್ಕು, ಮೂರು.

ಕೊನೆಗೆ ಸರಳು. ಸ್ಟೀರಿಂಗ್‌ನ ಎಡಗಡೆ ಲಿವರ್‌ನಿಂದ ಬಂದು ಇದು ಡಬ್ಬಿಯನ್ನೇ ತಿರುಗಿಸುತ್ತದೆ. ರೋಲರ್ ಸುತ್ತುವ ದಿಕ್ಕಿಗೇ ಡಬ್ಬಿ ತಿರುಗಿದರೆ ಕಿಡಿ ತಡ, ಎದುರು ದಿಕ್ಕಿಗೆ ತಿರುಗಿದರೆ ಬೇಗ. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನು ಇಲ್ಲಿ ಓಡಿಸುವವರ ಎಡಗೈ ಮಾಡುತ್ತದೆ. ನನಗೆ ಈ ಕಾರಿನಲ್ಲಿ ತುಂಬಾ ಇಷ್ಟವಾದ ವಿಷಯ ಇದು. ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಲಿವರ್ ಕೆಳಗೆ ಎಳೆಯುತ್ತೀರಿ, ಎಂಜಿನ್ನಿನ ದನಿ ಹಗುರಾಗುವುದು ಕಿವಿಗೇ ಗೊತ್ತಾಗುತ್ತದೆ.

ಸ್ಟಾರ್ಟ್ ಮಾಡುವಾಗ ಮಾತ್ರ ಲಿವರ್ ಪೂರ್ತಿ ಮೇಲೇ ಇರಬೇಕು. ಈ ಕಾರಿಗೆ ಸ್ಟಾರ್ಟರ್ ಇಲ್ಲ, ಕೈಯಿಂದ ತಿರುಗಿಸುವ ಕ್ರ್ಯಾಂಕ್ ಹ್ಯಾಂಡಲ್ಲೇ ಗತಿ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಹ್ಯಾಂಡಲ್ ಉಲ್ಟಾ ಒದೆಯುತ್ತದೆ. ಆ ಕಾಲದಲ್ಲಿ ಹೀಗೆ ಮಣಿಕಟ್ಟು ಮುರಿದುಕೊಂಡವರು ಎಷ್ಟೋ ಜನ. ಸುಮಾರು ಅಂದಾಜಿನಲ್ಲಿ ಈ ಸರಳನ್ನು ಬಿಗಿದು ಕ್ರ್ಯಾಂಕ್ ಹಿಡಿಯಬೇಡಿ.

ಪರೀಕ್ಷೆ ಸುಲಭ. ಪೆಟ್ರೋಲ್ ಬಂದ್ ಮಾಡಿದ್ದೇನೆ. ಪ್ಲಗ್‌ಗಳನ್ನು ಬಿಚ್ಚಿ, ವೈರ್ ಸಮೇತ ಎಂಜಿನ್ ಮೇಲೆ ಮಲಗಿಸಿದ್ದೇನೆ. ಲಿವರ್ ಮೇಲೆ, 6 ವೋಲ್ಟ್ ಬ್ಯಾಟರಿ ಆನ್. ಕ್ರ್ಯಾಂಕ್ ಮೆಲ್ಲಗೆ ತಿರುಗಿಸುತ್ತೇನೆ. ಮುಂದಿನ ಪುಲ್ಲಿಯ ಪಿನ್ ಅಡ್ಡಕ್ಕೆ ಮಲಗಿತು, ಅಂದರೆ ಪಿಸ್ಟನ್ ತುದಿಯಲ್ಲಿದೆ. ಇನ್ನೂ ಸದ್ದಿಲ್ಲ. ಇನ್ನೊಂಚೂರು... ಝುಯ್! ಕೇಳಿಸಿತಾ? ತುದಿ ದಾಟಿ ಸುಮಾರು 15 ಡಿಗ್ರಿಗೆ ಕಿಡಿ. ನಮಗೆ ಬೇಕಾದದ್ದು ಇದೇ. ಬೇಗ ಬಂದಿದ್ದರೆ ಸರಳನ್ನು ಚೂರು ಬಗ್ಗಿಸಿ ಸರಿ ಮಾಡಬೇಕಿತ್ತು. ಉಳಿದ ಮೂರೂ ಸರದಿಯಂತೆ ಬಂದವು. ಅಜ್ಜ ತಲೆಯಾಡಿಸಿದರು.

ಪ್ಲಗ್ ಹಾಕಿ ಪೆಟ್ರೋಲ್ ಬಿಟ್ಟೆವು. ಕ್ರ್ಯಾಂಕ್ ಹಿಡಿಯುವಾಗ ಎಡಗೈ, ಹೆಬ್ಬೆರಳು ಬೇರೆ ಬೆರಳುಗಳ ಜೊತೆಗೇ. ಕೆಳಗೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಎಂಜಿನ್ ಹತ್ತಿಕೊಂಡಿತು! ಈಗ ಸ್ವಿಚ್ಚನ್ನು ಮ್ಯಾಗ್ನೆಟೊ ಕಡೆ ತಿರುಗಿಸುತ್ತೇನೆ. ಫ್ಲೈವೀಲ್ ಮೇಲಿನ 16 ಆಯಸ್ಕಾಂತಗಳೇ ಇನ್ನು ಕರೆಂಟ್ ಕೊಡುತ್ತವೆ, ಬ್ಯಾಟರಿ ಬೇಡ. ಲಿವರ್ ಕೆಳಗೆ ತರುತ್ತಿದ್ದೇನೆ, ಸದ್ದು ಬದಲಾಗುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ರೋಲರ್ ಟೈಮರ್ ಇಟ್ಟುಕೊಂಡವರು ಡಬ್ಬಿಯೊಳಗೆ ಆಗಾಗ ಎಣ್ಣೆ ಬಿಡುತ್ತಿರಿ, ಒಣಗಿದರೆ ಬೇಗ ಸವೆಯುತ್ತದೆ. ಮುಂದಿನ ವಿಡಿಯೊದಲ್ಲಿ ಆ ಕಾಯಿಲ್ ಪೆಟ್ಟಿಗೆ ತೆರೆದು ಕಾಯಿಲ್‌ಗಳ ಪಾಯಿಂಟ್ ಹೊಂದಿಸೋಣ.