ನೆಲದಲ್ಲಿ ಹುದುಗಿದ ಗೆರೆಗಳನ್ನು ಎಐ ಹುಡುಕುವುದು ಹೇಗೆ?

[ತೆರೆಯ ಮೇಲೆ: ಮೇಲಿನಿಂದ ತೆಗೆದ ಹೊಲದ ಚಿತ್ರ]

ಈ ಹೊಲವನ್ನ ಸ್ವಲ್ಪ ಗಮನವಿಟ್ಟು ನೋಡಿ. ಪೈರೆಲ್ಲ ಹಳದಿಗೆ ತಿರುಗಿದೆ, ನಡುವೆ ಒಂದು ಹಸಿರು ಉಂಗುರ ಮಾತ್ರ ಉಳಿದಿದೆ. ಅಲ್ಲಿ ಯಾವ ಕಾಲದಲ್ಲೋ ಕಂದಕ ತೋಡಿದ್ದರು, ಆಮೇಲೆ ಅದು ಮಣ್ಣು ತುಂಬಿ ಮುಚ್ಚಿಹೋಯ್ತು. ಆ ಮಣ್ಣು ಆಳವಾಗಿದೆ, ತೇವ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಪೈರು ತಡವಾಗಿ ಒಣಗುತ್ತೆ. ಅಡಿಯಲ್ಲಿ ಕಲ್ಲಿನ ಗೋಡೆ ಇದ್ದರೆ ಉಲ್ಟಾ, ಬೇರಿಳಿಯಲು ಜಾಗವಿಲ್ಲದೆ ಪೈರು ಬೇಗ ಬಾಡುತ್ತೆ. 2018ರ ಬರದಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಅನ್ನೋ ಪ್ರಾಚೀನ ಸಮಾಧಿಯ ಹತ್ತಿರ ಒಂದು ದೊಡ್ಡ ವೃತ್ತ ಡ್ರೋನ್ ಕಣ್ಣಿಗೆ ಬಿದ್ದದ್ದು ಹೀಗೇ.

ಮೇಲಿನಿಂದ ತೆಗೆದ ಇಂಥ ಫೋಟೋಗಳು ಈಗ ರಾಶಿ ರಾಶಿ ಇವೆ. ನೋಡುವ ಕಣ್ಣುಗಳೇ ಕಡಿಮೆ.

[ತೆರೆಯ ಮೇಲೆ: ಪೆರುವಿನ ನಾಸ್ಕಾ ಮರುಭೂಮಿ]

ನಾಸ್ಕಾದಲ್ಲಿ ನೆಲದ ಮೇಲಿನ ಕಪ್ಪು ಕಲ್ಲುಗಳನ್ನು ಸರಿಸಿ, ಕೆಳಗಿನ ತಿಳಿಬಣ್ಣದ ಮಣ್ಣು ಕಾಣುವಂತೆ ಸುಮಾರು 2000 ವರ್ಷಗಳ ಹಿಂದೆ ಚಿತ್ರ ಬಿಡಿಸಿದ್ದಾರೆ. ಗೆರೆಗಳಲ್ಲಿ ಬಿಡಿಸಿದ ದೊಡ್ಡ ಪ್ರಾಣಿಗಳು ಸರಾಸರಿ 90 ಮೀಟರ್ ಇವೆ, ಅವು ವಿಮಾನದಿಂದ ಚೆನ್ನಾಗಿ ಕಾಣುತ್ತವೆ. ಇನ್ನೊಂದು ಬಗೆಯವು ಬರೀ 9 ಮೀಟರ್: ಮನುಷ್ಯರು, ಸಾಕುಪ್ರಾಣಿಗಳು, ಅದೂ ಮಾಸಿಹೋಗಿ. ಇವುಗಳನ್ನು ಹುಡುಕೋದೇ ಕಷ್ಟ.

ಜಪಾನಿನ ಯಮಗಾಟ ವಿಶ್ವವಿದ್ಯಾಲಯ ಮತ್ತು ಐಬಿಎಂ ಸಂಶೋಧಕರು ಗೊತ್ತಿದ್ದ ಚಿತ್ರಗಳನ್ನು ತೋರಿಸಿ ಎಐಗೆ ತರಬೇತಿ ಕೊಟ್ಟರು. ಅದು ವೈಮಾನಿಕ ಫೋಟೋವನ್ನು ಸಣ್ಣ ಚೌಕಗಳಾಗಿ ನೋಡುತ್ತೆ, ಚಿತ್ರವಿರುವ ಸಾಧ್ಯತೆ ಎಷ್ಟೆಂದು ಪ್ರತಿ ಚೌಕಕ್ಕೂ ಅಂಕ ಕೊಡುತ್ತೆ.

ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸುಮಾರು ಆರು ತಿಂಗಳಲ್ಲಿ 303 ಹೊಸ ಚಿತ್ರಗಳು! ಅದಕ್ಕೂ ಮೊದಲು ಸುಮಾರು ಒಂದು ಶತಮಾನದಲ್ಲಿ ಸಿಕ್ಕಿದ್ದು 430.

ಆದರೆ ನನಗೆ ಮುಖ್ಯ ಅನ್ನಿಸೋ ಸಂಖ್ಯೆ ಬೇರೆ. ಎಐ ತೋರಿಸಿದ ಸರಾಸರಿ 36 ಜಾಗಗಳನ್ನು ಮನುಷ್ಯರು ಕೂತು ನೋಡಿದರೆ, ಪರಿಶೀಲಿಸಲು ಯೋಗ್ಯ ಅನ್ನಿಸಿದ್ದು ಒಂದು. ಹಾಗೆ ಉಳಿದ 1309 ಜಾಗಗಳ ಪೈಕಿ ಕೆಲವಕ್ಕೆ ತಂಡ ಕಾಲ್ನಡಿಗೆಯಲ್ಲಿ ಹೋಯಿತು, ಡ್ರೋನ್ ಹಾರಿಸಿತು. 'ಎಐ ಕಂಡುಹಿಡಿಯಿತು' ಅನ್ನೋ ತಲೆಬರಹಗಳಲ್ಲಿ ಈ ದುಡಿಮೆ ಕಾಣಿಸೋದೇ ಇಲ್ಲ, ಅದು ಅನ್ಯಾಯ. ಈ ಹುಡುಕಾಟದಿಂದ ಒಂದು ಸೊಗಸಾದ ವಿಷಯವೂ ಖಚಿತವಾಯಿತು: ಸಣ್ಣ ಚಿತ್ರಗಳು ಕಾಲುದಾರಿಗಳ ಪಕ್ಕದಲ್ಲಿವೆ. ಅಂದರೆ, ನಡೆದು ಹೋಗುವವರು ನೋಡಲಿ ಅಂತಲೇ ಮಾಡಿರಬೇಕು.

ಇನ್ನೊಂದು ಮಾತು. ನಾಸ್ಕಾದಲ್ಲಿ ಕಲಿತ ಎಐಯನ್ನು ಹಸಿರು ಹೊಲಕ್ಕೆ ತಂದರೆ ಅದು ತಡವರಿಸುತ್ತೆ, ಅಲ್ಲಿನ ಮಣ್ಣು, ಬೆಳೆ, ಬೆಳಕು ಎಲ್ಲ ಬೇರೆ. ಟ್ರ್ಯಾಕ್ಟರ್ ಜಾಡೂ ಹಳೇ ಕಂದಕದಂತೆ ಕಾಣಬಹುದು. ಎಐ ಗುರುತಿಸದ ಜಾಗವನ್ನು ಖಾಲಿ ಅಂತ ಬರೆದುಕೊಳ್ಳಲೂಬಾರದು, ಮುಂದೆ ಅಲ್ಲೇ ರಸ್ತೆ ಬಂದರೆ ಇದ್ದದ್ದೂ ಹೋಗುತ್ತೆ.

ನಾಸ್ಕಾದ ಆ ಪಟ್ಟಿಯಲ್ಲೇ ತಂಡ ಇನ್ನೂ ಹೋಗಿ ನೋಡದ ನೂರಾರು ಜಾಗಗಳು ಉಳಿದಿದ್ದವು.