ತುಂಡು ಕೂರುವವರೆಗೆ ಕಾಯುವುದು

ಮಾನ್ಯ ಶಿಕ್ಷಕರೇ, ಪೋಷಕರೇ,

ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಜಿಗ್ಸಾ ಪಜಲ್ ಇಂದು ಹುಟ್ಟುಹಬ್ಬದ ಉಡುಗೊರೆಯಾಗಿ ಮನೆ ಸೇರುತ್ತದೆಯಾದರೂ, ಅದು ಮೊದಲು ಬಂದದ್ದು ಪಾಠದ ಸಾಧನವಾಗಿ. 1760ರ ದಶಕದಲ್ಲಿ ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರುತ್ತಿದ್ದರು. ಆ ತುಂಡುಗಳಿಂದ ಮಕ್ಕಳು ಭೂಗೋಳವನ್ನೂ ಮೀರಿ ಏನು ಕಲಿಯಬಲ್ಲರು ಎಂಬುದೇ ಇಂದಿನ ನನ್ನ ವಿಷಯ.

ನಾಲ್ಕು ವರ್ಷದ ಹುಡುಗಿಯೊಬ್ಬಳು ಹನ್ನೆರಡು ತುಂಡುಗಳ ಹಸುವಿನ ಚಿತ್ರ ಜೋಡಿಸುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಬಾಲದ ತುಂಡನ್ನು ಅವಳು ಮೊದಲು ಮುಷ್ಟಿಯಿಂದ ಗುದ್ದಿ ಕೂರಿಸಲು ನೋಡಿದಳು, ಕೂರಲಿಲ್ಲ. ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ, ಸುಮ್ಮನಿರುವುದು ಸುಲಭವಾಗಿರಲಿಲ್ಲ. ಆಮೇಲೆ ತುಂಡನ್ನು ತಿರುಗಿಸಿದಳು, ಬೇರೆಡೆ ಇಟ್ಟಳು, ತೆಗೆದಳು, ಕೊನೆಗೆ ಅದನ್ನು ಕೈಯಲ್ಲೇ ಹಿಡಿದು, ಹಲಗೆಯ ಮೇಲೆ ಖಾಲಿ ಉಳಿದ ಜಾಗದ ಅಂಚನ್ನು ಕಣ್ಣಿನಿಂದಲೇ ಅಳೆಯತೊಡಗಿದಳು. ಬಲದಿಂದ ಪ್ರಯತ್ನಕ್ಕೆ, ಪ್ರಯತ್ನದಿಂದ ಊಹೆಗೆ ಆ ಮಗು ದಾಟಿದ್ದು ಮೂರು ನಿಮಿಷಗಳೊಳಗೆ. ನಾನು "ಹಾಗಲ್ಲ, ಹೀಗೆ" ಎಂದು ಕೈಚಾಚಿದ್ದರೆ ಚಿತ್ರ ಬೇಗ ಮುಗಿಯುತ್ತಿತ್ತು, ಆದರೆ ಆ ದಾಟುವಿಕೆ ನಡೆಯುತ್ತಿರಲಿಲ್ಲ.

ತಪ್ಪನ್ನು ತೋರಿಸುವ ಕೆಲಸ ಶಿಕ್ಷಕಿಯದಾಗಿರದೆ ವಸ್ತುವಿನದೇ ಆಗಿರಬೇಕು ಎಂಬುದನ್ನು ತಮ್ಮ ಕಲಿಕಾ ಸಾಮಗ್ರಿಯಲ್ಲೇ ಅಳವಡಿಸಿದವರು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ. 1939ರಲ್ಲಿ ಭಾರತಕ್ಕೆ ಬಂದ ಅವರು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ಪಜಲ್‌ನ ಗುಣವೂ ಇದೇ. ತಪ್ಪು ತುಂಡು ಕೂರುವುದಿಲ್ಲ, ಅಷ್ಟೇ. ಅದು ಬೈಯುವುದಿಲ್ಲ, ಅಂಕ ಕಳೆಯುವುದಿಲ್ಲ.

ಹಾಗೆಂದು ಮಗುವನ್ನು ಒಂಟಿಯಾಗಿ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಮನಶ್ಶಾಸ್ತ್ರಜ್ಞರಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ದೊಡ್ಡವರ ನೆರವು ಹೇಗಿರುತ್ತದೆಂದು ಗಮನಿಸಿ, ಅದನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಗೋಡೆ ಏಳುವವರೆಗೆ ಸಾರುವೆ ಬೇಕು, ಎದ್ದ ಮೇಲೆ ಕಳಚಬೇಕು. ಆದ್ದರಿಂದ ಮಗು ನಿಜವಾಗಿ ಸಿಕ್ಕಿಕೊಂಡಾಗ ಮೊದಲು ಒಂದು ಪ್ರಶ್ನೆ ಸಾಕು: "ಈ ತುಂಡಿನಲ್ಲಿ ಯಾವ ಬಣ್ಣ ಇದೆ? ಅದೇ ಬಣ್ಣ ಇನ್ನೆಲ್ಲಿದೆ?" ಅದೂ ಸಾಲದಿದ್ದರೆ ನೇರ ಅಂಚಿನ ತುಂಡುಗಳನ್ನು ಬೇರೆ ಮಾಡಲು ಹೇಳಿ. ತುಂಡನ್ನು ನೀವೇ ಇಡುವುದು ಕಟ್ಟಕಡೆಯ ಉಪಾಯ.

ಚಿಕಾಗೋದ ಸಂಶೋಧಕರು 53 ಮಕ್ಕಳನ್ನು 26ರಿಂದ 46 ತಿಂಗಳ ವಯಸ್ಸಿನವರೆಗೆ ಅವರ ಮನೆಗಳಲ್ಲೇ ಗಮನಿಸಿ 2012ರಲ್ಲಿ ವರದಿ ಮಾಡಿದಂತೆ, ಪಜಲ್ ಆಡುತ್ತಿದ್ದ ಮಕ್ಕಳು 54ನೇ ತಿಂಗಳಲ್ಲಿ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ಜೋಡಿಸುವ ಪರೀಕ್ಷೆಯಲ್ಲಿ ಮುಂದಿದ್ದರು. ಇದು ಸಂಬಂಧವನ್ನು ತೋರಿಸುತ್ತದೆ. ಪಜಲ್ ಒಂದೇ ಕಾರಣವೆಂದು ಸಾಧಿಸುವುದಿಲ್ಲ. ಆದರೂ ಆಡಲು ಸಮಯ ಕೊಡುವುದಕ್ಕೆ ನನಗೆ ಇಷ್ಟು ಆಧಾರ ಸಾಕು.

ದುಬಾರಿ ಪೆಟ್ಟಿಗೆಯೂ ಬೇಕಿಲ್ಲ. ಹಳೆಯ ಕ್ಯಾಲೆಂಡರಿನ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ ನಾಲ್ಕು ತುಂಡು ಮಾಡಿ. ಮಗುವಿಗೆ ಅದು ಸುಲಭವಾದ ದಿನ ಒಂದೊಂದನ್ನೂ ಎರಡಾಗಿ ಕತ್ತರಿಸಿ. ಪ್ರತಿ ಚಿತ್ರದ ತುಂಡುಗಳ ಬೆನ್ನಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕಿಟ್ಟರೆ ಒಂದರೊಳಗೊಂದು ಬೆರೆಯುವುದಿಲ್ಲ. ತುಂಡು ಕಳೆದುಹೋದ ಪಜಲ್ ಅನ್ನು ಮಾತ್ರ ದಯವಿಟ್ಟು ಮಗುವಿನ ಮುಂದೆ ಇಡಬೇಡಿ. ಎಷ್ಟು ಸರಿಯಾಗಿ ಯೋಚಿಸಿದರೂ ಅದರಲ್ಲಿ ಆ ಮಗುವಿಗೆ ಉತ್ತರ ಸಿಗುವುದಿಲ್ಲ.